ಹಿಂದಿನ ಗಾಜಿನ ಮೇಲಿನ ಹೆಸರು

ಹಗರಿಬೊಮ್ಮನಹಳ್ಳಿ
೨ ಜನವರಿ ೨೦೨೫

ಪ್ರೀತಿಯ ಅರ್ಚನಾ,

ನೀನು ಕಳಿಸಿದ ಅಗಸಿ ಚಟ್ನಿಪುಡಿ ಮುಗಿದು ಡಬ್ಬಿ ತೊಳೆದಿಟ್ಟೂ ಆಯಿತು. ನಿನಗೆ ಎರಡು ಸಾಲು ಬರೆಯುವುದು ಮಾತ್ರ ಇವತ್ತಿನವರೆಗೆ ಆಗಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಫೋನ್ ಇರುವಾಗ ಅಕ್ಕ ಕಾಗದ ಯಾಕೆ ಬರೆದಳು ಅನ್ನಿಸಬಹುದು. ನಿನ್ನನ್ನು ಒಂದು ಮಾತು ಕೇಳಬೇಕು. ಫೋನಿನಲ್ಲಿ ಕೇಳಿದರೆ ನೀನು ಅರ್ಧಕ್ಕೇ "ಅದಕ್ಕೇನಾತು ಬಿಡಕ್ಕ" ಅಂದುಬಿಡುತ್ತೀಯ. ನನಗೆ ನೀನು ಯೋಚನೆ ಮಾಡಿ ಕೊಟ್ಟ ಉತ್ತರ ಬೇಕು.

ನಾವೊಂದು ಓಮ್ನಿ ವ್ಯಾನು ತಗೊಂಡೆವು. ಹಳೆಯದು, ಬಿಳಿ ಬಣ್ಣದ್ದು. ಅದರ ಹಿಂದಿನ ಗಾಜಿನ ಮೇಲೆ ಈಗ ನಿನ್ನ ಮಗಳ ಹೆಸರಿದೆ. ಅದು ಅಲ್ಲಿ ಇರಬಹುದೇ, ಬೇಡವೇ? ಕೇಳಬೇಕಾದದ್ದು ಇಷ್ಟೇ. ಅದು ಅಲ್ಲಿಗೆ ಹೇಗೆ ಬಂತು ಎನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ಅತ್ತೆಯ ಮೊಣಕಾಲಿನ ಸ್ಥಿತಿ ನಿನಗೆ ಗೊತ್ತೇ ಇದೆ. ಬಸ್ಸು ಹತ್ತಲಾಗುವುದಿಲ್ಲ, ಕಾರಿನಲ್ಲಿ ತಗ್ಗಿ ಕೂರಲಾಗುವುದಿಲ್ಲ. ಕೂಡ್ಲಿಗಿಯ ಪಾಲಯ್ಯ ಎಂಬವರು ತಮ್ಮ ಓಮ್ನಿ ಮಾರುತ್ತಾರೆಂದು ಗೊತ್ತಾದಾಗ ನಿಮ್ಮ ಭಾವ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಪಕ್ಕದ ಬಾಗಿಲು ಸರಿಸಿ, ಕೆಳಗೊಂದು ಮಣೆ ಇಟ್ಟರೆ ಅತ್ತೆ ತಾವೇ ಹತ್ತಿ ಕೂತುಬಿಟ್ಟರು. ಪಾಲಯ್ಯ, "ಇಳೀರವ್ವಾ, ಇಂಜಿನ್ ತೋರಿಸ್ತೀನಿ ಇವ್ರಿಗೆ. ಮುಂದಿನ ಸೀಟಿನ ಕೆಳಗ ಐತಿ" ಅಂದರು.

"ಇಂಜಿನ್ ಅವ್ನಿಗೆ ತೋರ್ಸಪ್ಪ, ನಾ ಹಿಂದಿನ ಸೀಟಿನ್ಯಾಗ ಅದೀನಿ. ಇನ್ನ ನಾ ಇಳಿಯೋದು ನಮ್ಮ ಮನಿ ಮುಂದ" ಅಂದರು ಅತ್ತೆ.

ಗಾಡಿ ಕೊಳ್ಳುವುದು ಗಟ್ಟಿಯಾದದ್ದು ಹೀಗೆ. ನಿಮ್ಮ ಭಾವ ಟೈರು ಬಗ್ಗಿ ನೋಡಿದ್ದೆಲ್ಲ ಆಮೇಲೆ.

ನಾನು ಹಿಂದಕ್ಕೆ ಹೋದೆ. ಪಾಲಯ್ಯನವರ ಹೆಂಡತಿ ಹೊನ್ನೂರಮ್ಮ ಬಿಸಿನೀರು, ಬ್ಲೇಡು ಹಿಡಿದು ಗಾಜಿನ ಮೇಲಿದ್ದ ತಮ್ಮ ಮಕ್ಕಳ ಹೆಸರುಗಳನ್ನು ಕೆರೆದು ತೆಗೆಯುತ್ತಿದ್ದರು. ಮಾಲಾ ಹೋಗಿಯಾಗಿತ್ತು. ಶ್ರೀನಾಥನಲ್ಲಿ ಮೊದಲ ಅಕ್ಷರ ಮಾತ್ರ ಉಳಿದಿತ್ತು. "ನಾವೇ ತೆಗೆಸುತ್ತಿದ್ದೆವಲ್ಲ, ನಿಮಗ್ಯಾಕೆ ಕಷ್ಟ" ಅಂದೆ.

"ಗಾಡಿ ನಿಮಗ ಕೊಟ್ಟೀವ್ರಿ, ಮಕ್ಕಳ್ನ ಕೊಟ್ಟಿಲ್ಲಲ್ರಿ" ಅಂತ ನಕ್ಕರು. "ಹೆಸ್ರು ಬ್ಯಾರೆ ಮನಿಗೆ ಹೋಗಬಾರ್ದು. ಈ ಶ್ರೀ ಇರ್ಲಿ, ಅದು ದೇವ್ರದು. ನಿಮ್ಮ ಮಕ್ಕಳ ಹೆಸ್ರೇನ್ರಿ? ಬಸ್‌ಸ್ಟ್ಯಾಂಡಿನ ಹತ್ರ ಸ್ಟಿಕ್ಕರ್ ಅಂಗಡಿ ಐತಿ, ಇವತ್ತ ಬರಸ್ಕೊಂಡು ಹೋಗ್ರಿ. ಬರೀ ಗಾಜು ಚೆಂದ ಕಾಣಂಗಿಲ್ಲ."

ನಿಮ್ಮ ಭಾವ ಯಾವಾಗ ನನ್ನ ಹಿಂದೆ ಬಂದು ನಿಂತಿದ್ದರೋ ತಿಳಿಯದು. "ಅಮೃತಾ" ಅಂದರು.

ನಮಗೆ ಮಕ್ಕಳಿಲ್ಲ ಎಂದು ಹೇಳಲು ನಾಚಿಕೆಯಾಯಿತೇ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡೆ. ಇಷ್ಟು ವರ್ಷಗಳಲ್ಲಿ ಅದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಅಳುಕದೆ ಹೇಳಿದ್ದೇನೆ. ಆದರೂ ಅವತ್ತು ತಿದ್ದಲಿಲ್ಲ. ಸ್ಟಿಕ್ಕರ್ ಅಂಗಡಿಯವನು "ಒಬ್ಬಾಕಿನೇ ಏನ್ರಿ?" ಅಂದ. "ಹೂಂ, ಒಬ್ಬಾಕಿನೇ" ಅಂದರು ಇವರು.

ಕೊಟ್ಟೂರಿನಲ್ಲಿ ಪೂಜೆ ಮಾಡಿಸಿದೆವು. ಗಾಲಿಗಳ ಕೆಳಗೆ ನಿಂಬೆಹಣ್ಣು, ಮುಂದಿನ ಗಾಜಿಗೆ ವಿಭೂತಿ. ಗಾಡಿಯಲ್ಲೇ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ ಅತ್ತೆ, "ಹಿಂದ ಏನಂತ ಬರಸ್ಯಾನ?" ಎಂದು ಕೇಳಿದರು. ಹೇಳಿದೆ. ಕೈಯಲ್ಲಿದ್ದ ಮೆಣಸಿನಕಾಯಿ ತಿಂದು ಮುಗಿಸಿದರು. ಆಮೇಲೆ, "ಚೊಲೋ ಆತು. ಆದ್ರ ಅರ್ಚನಾನ್ನ ಒಂದ್ ಮಾತು ಕೇಳು. ಹೆತ್ತಾಕಿ ಆಕಿ" ಅಂದರು.

ಮನೆಗೆ ಬಂದರೆ ಎದುರುಮನೆಯ ಮರುಳಪ್ಪ ಕಾಯುತ್ತಲೇ ನಿಂತಿದ್ದರು. "ಏನ್ ಸರ, ಮೂರ್ ಮಂದಿಗೆ ಇಷ್ಟ್ ದೊಡ್ ಗಾಡಿ? ಬಾಡಿಗಿಗೆ ಬಿಡಾಕೇನು?" ಅತ್ತೆ ಗಾಡಿಯ ಒಳಗಿಂದಲೇ, "ನೀನೂ ಬಾರಪ್ಪ, ಮುಂದಿನ ಸೀಟು ನಿಂದ. ಕೆಳಗ ಇಂಜಿನ್ ಐತಿ, ಥಂಡ್ಯಾಗ ಕುಂಡಿ ಬೆಚ್ಚಗಿರ್ತಾವ" ಅಂದರು. ಮರುಳಪ್ಪ ನಕ್ಕು, ಅತ್ತೆ ಇಳಿಯಲು ತಾವೇ ಮಣೆ ಇಟ್ಟರು.

ಮೂರು ಜನಕ್ಕೆ ದೊಡ್ಡದು ನಿಜ. ಆದರೆ ಲೆಕ್ಕದಲ್ಲಿ ನೀವೂ ಇದ್ದಿರಿ. ಸಂಕ್ರಾಂತಿಗೆ ಬೆಳಿಗ್ಗೆ ಹರಪನಹಳ್ಳಿಗೆ ಬಂದು ನಿಮ್ಮನ್ನೆಲ್ಲ ಹತ್ತಿಸಿಕೊಂಡು ಹಲವಾಗಲು ಊರಿಗೆ, ಅಲ್ಲಿನ ಹೊಳೆಗೆ ಹೋಗೋಣ ಅಂತ ಇವರ ಆಸೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ನನ್ನದು. ಶೇಂಗಾ ಹೋಳಿಗೆ ಮಾತ್ರ ನೀನೇ ಮಾಡು, ನನ್ನದು ಹರಿಯುತ್ತದೆ.

ಇದನ್ನೂ ಹೇಳಿಬಿಡುತ್ತೇನೆ, ಎದುರಿಗೆ ಹೇಳಲು ನನಗೆ ಬರುವುದಿಲ್ಲ. ಪ್ರತಿ ಬೇಸಿಗೆಯೂ ನೀನು ಅಮೃತಾಳನ್ನು ನಮ್ಮಲ್ಲಿಗೆ ಕಳಿಸಿದೆ. "ಯಾವಾಗ ವಾಪಸ್ ಕಳಿಸ್ತೀಯ" ಎಂದು ಒಮ್ಮೆಯೂ ನೀನಾಗಿ ಕೇಳಲಿಲ್ಲ. ಅವಳು ಹೋದ ಮೇಲೆ ಬಚ್ಚಲಿನಲ್ಲಿ, ದಿಂಬಿನ ಕೆಳಗೆ ಅವಳ ಕ್ಲಿಪ್ಪುಗಳು ಸಿಗುತ್ತವೆ. ಅವನ್ನು ನಾನು ನಿನಗೆ ಹಿಂದಿರುಗಿಸಿಲ್ಲ. ಅವಳು "ದೊಡ್ಡವ್ವ" ಎಂದು ಬೀದಿಯಿಂದಲೇ ಕೂಗಿಕೊಂಡು ಬರುವಾಗ ಈ ಮನೆಯಲ್ಲಿ ಏನೂ ಕಡಿಮೆ ಅನ್ನಿಸುವುದಿಲ್ಲ. ಅದನ್ನು ಕೊಟ್ಟವಳು ನೀನು.

ಆದ್ದರಿಂದಲೇ ಹೆಸರಿನ ಮೇಲೆ ನಾನಾಗಿಯೇ ಹಕ್ಕು ಹೇಳಲಾರೆ. ಊರಿನವರು ನೋಡಿ ನಾಲ್ಕು ಮಾತಾಡುತ್ತಾರೆ, ನಿನ್ನ ಗಂಡನಿಗೆ ಹೇಗನ್ನಿಸುತ್ತದೋ. ಬೇಡ ಅನ್ನಿಸಿದರೆ ಸಂಕೋಚವಿಲ್ಲದೆ ಹೇಳು. ಹೊನ್ನೂರಮ್ಮ ಕೊಟ್ಟ ಬ್ಲೇಡು ಗಾಡಿಯಲ್ಲೇ ಇದೆ. ನಾನೇ ಬಿಸಿನೀರು ಹಾಕಿ ಗಾಜಿಗೆ ಗೀರು ಬೀಳದಂತೆ ತೆಗೆಯುತ್ತೇನೆ. ಸಂಕ್ರಾಂತಿಗೆ ಮಾತ್ರ ತಪ್ಪದೆ ಬರಬೇಕು.

ಮಕ್ಕಳಿಗೆ ನನ್ನ ಮುತ್ತು. ನಿನ್ನ ಮನೆ ತಂಪಾಗಿರಲಿ, ನೀನು ನೂರು ಕಾಲ ಸುಖವಾಗಿರು.

ನಿನ್ನ ಅಕ್ಕ,
ಗಂಗಾಂಬಿಕಾ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ತಡೆದಿದ್ದು. ನಿನ್ನ ಮಗಳು ಹುಟ್ಟುವ ಹಿಂದಿನ ವರ್ಷ ನಮ್ಮ ಕೂಸು ಉಳಿಯಲಿಲ್ಲ, ಅದು ನಿನಗೆ ಗೊತ್ತು. ಅದಕ್ಕೆ ನಾವಿಬ್ಬರೂ ಮೊದಲೇ ಒಂದು ಹೆಸರು ಯೋಚಿಸಿಟ್ಟಿದ್ದೆವು, ಅದು ನಿನಗೆ ಗೊತ್ತಿಲ್ಲ. ನಿನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ಮುಂಚೆ ನೀನು "ಅಕ್ಕಾ, ಒಂದು ಚೆಂದದ ಹೆಸರು ಹೇಳು" ಅಂದಾಗ ನನ್ನ ಬಾಯಿಗೆ ಬಂದದ್ದು ಅದೇ. ಹೇಳಿದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ನೀನು ಅದನ್ನು ಇಡದಿದ್ದರೆ ಆ ಹೆಸರನ್ನು ಯಾರೂ ಜೋರಾಗಿ ಕರೆಯುತ್ತಿರಲಿಲ್ಲ. ಕೂಡ್ಲಿಗಿಯಲ್ಲಿ ಇವರು ಯಾರನ್ನು ನೆನೆದು ಆ ಹೆಸರು ಹೇಳಿದರೋ ನಾನು ಕೇಳಿಲ್ಲ. ಕಿಟಕಿ ಪಕ್ಕದ ಸೀಟನ್ನು ಅಮೃತಾಳಿಗೆ ಅಂತ ಇವತ್ತು ಬೆಳಿಗ್ಗೆಯೇ ಒರೆಸಿಟ್ಟಿದ್ದಾರೆ. ಅವಳು ಬಂದು ಕೂರಲಿ.