ಅಜ್ಜಿಯ ಹೆಗಲಿಗೆ ನಾನು ಬರೆದ ಹುಣ್ಣು

ಪ್ರೀತಿಯ ಚಿಕ್ಕಪ್ಪ,

ಎರಡು ವರ್ಷದಿಂದ ನೀವು ನಮ್ಮ ಮನೆ ಕಡೆ ತಲೆ ಹಾಕಿಲ್ಲ. ಕಾಲುನೋವು ಎಂದು ಅಪ್ಪನಿಗೆ ಹೇಳಿದ್ದೀರಂತೆ. ಕಾರಣ ನನ್ನ ಚಿತ್ರ ಎಂದು ನನಗೆ ಗೊತ್ತು.

ಪ್ರದರ್ಶನದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲೇ ಬಂದಿದ್ದಿರಿ. ಚಿತ್ರದಲ್ಲಿ ಇದ್ದದ್ದು ಹದಿನಾಲ್ಕು ವರ್ಷ ನಿಮ್ಮ ಇಟ್ಟಿಗೆ ಗಾಡಿ ಎಳೆದ ಹೆಣ್ಣುಕುದುರೆ. ಮರಿಯಾಗಿದ್ದಾಗಲೇ ಮುಖ ಬಿಗಿದುಕೊಂಡಿರುತ್ತಿದ್ದಳೆಂದು ನೀವು ‘ಅಜ್ಜಿ’ ಎಂದು ಕರೆದವಳು. ನಾನು ಅವಳ ತಲೆ ತಗ್ಗಿಸಿದ್ದೆ, ಹೆಗಲ ಮೇಲೆ ಅಂಗೈಯಗಲ ಹುಣ್ಣು ಬರೆದಿದ್ದೆ. ದುಡಿಯುವವರ ನೋವಿನ ಸಂಕೇತ ಎಂದು ತೀರ್ಪುಗಾರರು ಬಹುಮಾನ ಕೊಟ್ಟರು.

“ಅಜ್ಜಿಗೆ ಯಾವತ್ತಮ್ಮ ಹುಣ್ಣಾಗಿತ್ತು?” ಎಂದು ಮೆಲ್ಲಗೆ ಕೇಳಿದಿರಿ.

“ಇದು ಅಜ್ಜಿ ಅಲ್ಲ ಚಿಕ್ಕಪ್ಪ, ಸಂಕೇತ” ಎಂದೆ, ದೊಡ್ಡ ಪಂಡಿತೆಯ ಹಾಗೆ.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು, “ಈ ಕುದುರೆ ನಿಮ್ದಂತೆ, ಹೌದಾ?” ಎಂದರು. ಸುತ್ತಲಿದ್ದವರೆಲ್ಲ ನಿಮ್ಮತ್ತ ತಿರುಗಿದರು. ನೀವು ಹುಣ್ಣನ್ನು ನೋಡಿದಿರಿ, ನನ್ನನ್ನು ನೋಡಿದಿರಿ. “ಅಲ್ಲ” ಎಂದಿರಿ. ಟೀ ಕೂಡ ಕುಡಿಯದೆ ಹೊರಟುಹೋದಿರಿ.

ಚಿಕ್ಕಪ್ಪನಿಗೆ ಕಲೆ ಏನು ಗೊತ್ತು ಎಂದು ಅವತ್ತು ನನಗೇ ಸಿಟ್ಟು ಬಂದಿತ್ತು.

ಹೋದ ತಿಂಗಳು ಕಲಾಶಾಲೆಯವರು, ಚಿತ್ರಗಳಲ್ಲಿ ಬರುವ ದುಡಿಯುವ ಕುದುರೆಗಳ ಬಗ್ಗೆ ಮಾತಾಡಲು ಕರೆದರು. ವಾರವಿಡೀ ಹಳೆಯ ಚಿತ್ರಗಳನ್ನು ಹರಡಿಕೊಂಡು ಕೂತೆ. ನೇಗಿಲಿಗೆ ಕಟ್ಟಿದರೆ ಕುದುರೆ ಎಂದರೆ ತಾಳ್ಮೆ, ಗಾಡಿಗೆ ಕಟ್ಟಿದರೆ ದುಃಖ, ಗಣಿಯಲ್ಲಿ ಬಿಟ್ಟರೆ ಗುಲಾಮಗಿರಿ. ಎಲ್ಲ ಕಡೆಯೂ ಅದು ಬರೆದವರ ಮಾತನ್ನು ಹೊತ್ತು ನಿಂತಿದೆ. ಇಟ್ಟಿಗೆ ಸಾಲದು ಅಂತ ಅಜ್ಜಿಯ ಮೇಲೆ ನಾನೂ ಒಂದು ಹೊರೆ ಹೇರಿದ್ದೆ.

ದಿನಾ ಬೆಳಿಗ್ಗೆ ನೀವು ಅವಳ ಕೊರಳಪಟ್ಟಿಯೊಳಗೆ ಕೈ ಆಡಿಸಿ, ಒರಟು ಸಿಕ್ಕಿದ ಕಡೆ ಹೆಗಲು ಉಜ್ಜದಂತೆ ಹತ್ತಿ ತುರುಕುತ್ತಿದ್ದಿರಿ. ಚಳಿಯಲ್ಲಿ ಕಡಿವಾಣವನ್ನು ಮುಷ್ಟಿಯಲ್ಲಿ ಬೆಚ್ಚಗೆ ಮಾಡಿ ಆಮೇಲೆ ಬಾಯಿಗಿಡುತ್ತಿದ್ದಿರಿ. ಇದನ್ನೆಲ್ಲ ಕಣ್ಣಾರೆ ಕಂಡವಳು ನಾನು. ಬರೆದರೆ ನೋಡುವವರಿಗೆ ಅಯ್ಯೋ ಅನ್ನಿಸುವುದಿಲ್ಲವೆಂದು ಬಿಟ್ಟುಬಿಟ್ಟೆ.

ವೇದಿಕೆಯ ಮೇಲೆ ಇಷ್ಟನ್ನೂ ಹೇಳಿದೆ. ಆ ಹುಣ್ಣು ಸುಳ್ಳು, ಆ ಕುದುರೆ ನನ್ನ ಚಿಕ್ಕಪ್ಪನದು ಎಂದೆ. ಅವತ್ತು ಬಹುಮಾನ ಕೊಟ್ಟ ತೀರ್ಪುಗಾರರೊಬ್ಬರು ಮುಂದಿನ ಸಾಲಿನಲ್ಲಿದ್ದರು, “ಸಂಕೇತಾನ ಹಾಗೆಲ್ಲ ನಿಜ ಸುಳ್ಳು ಅಂತ ನೋಡ್ಬಾರ್ದಮ್ಮ” ಎಂದರು.

“ಸಂಕೇತಕ್ಕೆ ನೋವಾಗಲ್ಲ ಸಾರ್. ನಮ್ಮ ಚಿಕ್ಕಪ್ಪಂಗೆ ಆಯ್ತು” ಎಂದೆ. ನೀರು ಕುಡಿದು ಕೂತೆ.

ಚಿತ್ರ ಈಗ ಸಂಗ್ರಹಾಲಯದ ಸ್ವತ್ತು, ತಿದ್ದಲು ಬಿಡುವುದಿಲ್ಲ. ಪಕ್ಕದಲ್ಲಿ ನನ್ನ ಮಾತನ್ನು ಬರೆದು ಹಾಕಲು ಒಪ್ಪಿದ್ದಾರೆ. ನನಗೆ ಅಷ್ಟು ಸಾಲದು. ಹೊಸದೊಂದು ಶುರು ಮಾಡಿದ್ದೇನೆ. ತುಂಬಿದ ಗಾಡಿ ಈಗಷ್ಟೇ ಹೊರಡುತ್ತಿದೆ, ನೀವು ಅವಳ ಪಕ್ಕದಲ್ಲಿ ನಡೆಯುತ್ತಿದ್ದೀರಿ. ಆದರೆ ಹೊರಡುವಾಗ ಅಜ್ಜಿ ಮೊದಲು ಯಾವ ಕಾಲು ಎತ್ತಿಡುತ್ತಿದ್ದಳು? ಮೂರು ಸಲ ಬರೆದು ಅಳಿಸಿದೆ. ಕೇಳಲು ನನಗೆ ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಒಂದು ಸಾಲು ಬರೆಯಿರಿ, ಇಲ್ಲವೇ ಬಂದು ತೋರಿಸಿ. ಅಲ್ಲಿಯವರೆಗೆ ಕುಂಚ ಮುಟ್ಟುವುದಿಲ್ಲ.

ಆರೋಗ್ಯ ನೋಡಿಕೊಳ್ಳಿ.

ಆಶೀರ್ವಾದ ಬೇಡುವ ಮೊದಲು ಕ್ಷಮೆ ಬೇಡುವ,
ನಿಮ್ಮ ಅಣ್ಣನ ಮಗಳು