ಗುಡಿಸಿದ ತಪ್ಪು

ಎರಡು ಸಾವಿರದ ನೂರ ನಲವತ್ತೆರಡನೆಯ ಇಸವಿ
ಎರಡನೆಯ ಬೇಸಿಗೆಯ ಹತ್ತೊಂಬತ್ತನೆಯ ದಿನ
ಕರಿಗುಡ್ಡದಹಟ್ಟಿ

ಮುತ್ತಜ್ಜಿ ಹನುಮಕ್ಕನಿಗೆ, ನಿನ್ನ ಮಗಳ ಮೊಮ್ಮಗಳು ಬೋರಕ್ಕ ಬರೆಯುವುದು.

ಈ ತಾರೀಖು ನೋಡಿ ನಿನಗೆ ನಗು ಬರಬಹುದು. ನಗು. ವರ್ಷಕ್ಕೆ ಒಂದೇ ಬೇಸಿಗೆ ಕಂಡವರಿಗೆ ನಗುವುದು ಸುಲಭ. ನಮಗೆ ಯುಗಾದಿಯ ಆಚೀಚೆ ಒಂದು ಬೇಸಿಗೆ, ದಸರೆ ಕಳೆದ ಮೇಲೆ ಇನ್ನೊಂದು. ಈ ಕಾಗದದ ಕೆಲವು ಮಾತುಗಳು ನಿನಗೆ ತಿಳಿಯಲಿಕ್ಕಿಲ್ಲ. ಹಿಂದಿನವರಿಗೆ ಬರೆಯುವಾಗ ಅದಕ್ಕಾಗಿ ಮೊದಲೇ ಕ್ಷಮೆ ಕೇಳಬೇಕಂತೆ, ಅದು ಪದ್ಧತಿಯಂತೆ. ಕೇಳಿದ್ದೇನೆ. ನಾನು ನಿನ್ನ ಕ್ಷಮೆ ಕೇಳುವುದು ಇದೊಂದಕ್ಕೇ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅಕ್ಷರ ಸೊಟ್ಟಗಿದ್ದರೆ ಓದುವವರೇ ತಲೆ ಓರೆ ಮಾಡಿಕೊಳ್ಳಬೇಕು.

ನಿನ್ನದೊಂದು ಫೋಟೋ ನನ್ನ ಹತ್ತಿರ ಇದೆ. ಬಿಸಿಲುಹಲಗೆಗಳ ಸಾಲು, ಅದಕ್ಕೆ ನೀವು ಸೋಲಾರ್ ಪ್ಯಾನೆಲ್ ಎನ್ನುತ್ತಿದ್ದಿರಂತೆ. ಅವುಗಳ ಮುಂದೆ ನೀನು ಉದ್ದ ಕೋಲಿನ ಒರಸುಬಟ್ಟೆ ಹಿಡಿದು ನಿಂತಿದ್ದೀಯ. ಗರಿಗರಿ ಸೀರೆ, ತಲೆಗೆ ಎಣ್ಣೆ, ಮುಖದ ತುಂಬ ನಗು. ಅವತ್ತು ಯಾರೋ ದೊಡ್ಡವರು ಹಲಗೆ ನೋಡಲು ಬಂದಿದ್ದರಂತೆ, ನೀವೆಲ್ಲ ಕೋಳಿ ಕೂಗುವ ಮೊದಲೇ ಎದ್ದು ಒಂದು ಚೂರು ಧೂಳಿಲ್ಲದಂತೆ ತೊಳೆದಿದ್ದಿರಂತೆ. ನಮ್ಮವ್ವ ಬಂದವರಿಗೆಲ್ಲ ಈ ಫೋಟೋ ತೋರಿಸುತ್ತಿದ್ದಳು. ಅದರ ಬಲ ಅಂಚಿನಲ್ಲಿ ಇನ್ಯಾರದೋ ಸೆರಗಿನ ತುದಿಯೊಂದು ಕಾಣುತ್ತದೆ. ಆ ವಿಷಯ ಆಮೇಲೆ. ಫೋಟೋದಲ್ಲಿ ನಿನಗೆ ಮೂವತ್ತು, ನನಗೀಗ ಎಪ್ಪತ್ತು. ಮುತ್ತಜ್ಜಿಯಾದರೇನು, ನನ್ನ ಕಣ್ಣಿಗೆ ನೀನು ಹುಡುಗಿಯೇ. ಬಯ್ಯುವಷ್ಟು ವಯಸ್ಸು ನನಗಾಗಿದೆ, ಬಯ್ಯಲೆಂದೇ ಕೂತಿದ್ದೇನೆ.

ನೀವು ನೆಟ್ಟ ಹಲಗೆಗಳು ಸತ್ತವು. ಇಪ್ಪತ್ತೈದೋ ಮೂವತ್ತೋ ವರ್ಷ ಅವುಗಳ ಆಯಸ್ಸು ಎಂದು ನೆಡುವಾಗಲೇ ನಿಮಗೆ ಗೊತ್ತಿತ್ತು. ಆಮೇಲೆ ಅವುಗಳ ಹೆಣ ಎತ್ತುವವರು ಯಾರು ಅಂತ ನಿನ್ನ ಕಾಲದವರು ಎಷ್ಟು ಜನ ಬಾಯಿ ಬಿಟ್ಟು ಕೇಳಿದಿರಿ? ಹತ್ತು ಜಿಲ್ಲೆಯ ಹಲಗೆ ಕಿತ್ತು ತಂದು ನಮ್ಮೂರ ಹೊರಗೆ ಸುರಿದರು. ನಾನು ಹುಟ್ಟುವಷ್ಟರಲ್ಲಿ ಊರಿನ ಕರಿಗುಡ್ಡಕ್ಕಿಂತ ಈ ಗುಡ್ಡವೇ ಎತ್ತರವಾಗಿತ್ತು. ಆಗ ಬಂದದ್ದು ಮಂಡಲ. ಅದೂ ನಿಮ್ಮ ಕಾಲದ ಕಂಪನಿಗಳಂಥದ್ದೇ, ಆದರೆ ಉಳಿದ ಕಂಪನಿಗಳನ್ನೆಲ್ಲ ನುಂಗಿ ಕೂತದ್ದು. ಊರಿಗೆ ಬರುವ ಬಸ್ಸು ಮಂಡಲದ್ದು, ಕುಡಿಯುವ ನೀರು ಮಂಡಲದ್ದು, ಅಕ್ಕಿ ಅಂಗಡಿ, ಶಾಲೆ, ಕೊನೆಗೆ ಸುಡುಗಾಡಿನ ತಗಡಿನ ಚಪ್ಪರವೂ ಮಂಡಲದ್ದೇ. ಸಿಟ್ಟು ಮಾಡಿಕೊಂಡು ಊರು ಬಿಡಬೇಕೆಂದರೂ ಅವರ ಬಸ್ಸನ್ನೇ ಹತ್ತಬೇಕು.

ಮಂಡಲ ಕಟ್ಟಿದ ಉದ್ದನೆಯ ಶೆಡ್ಡಿಗೆ ಸುಲಿಮನೆ ಎಂದು ಹೆಸರು. ಹಲಗೆಯನ್ನು ಕಾದ ತಗಡಿನ ಮೇಲೆ ಬೋರಲು ಹಾಕಿ, ಹಿಂದಿನ ಪ್ಲಾಸ್ಟಿಕ್ ಮೆತ್ತಗಾದ ಮೇಲೆ ಚೂರಿಯಿಂದ ಸುಲಿಯಬೇಕು. ಆಮೇಲೆ ಗಾಜು ಒಡೆದು, ಕೂದಲೆಳೆಯಷ್ಟು ಸಣ್ಣ ಬೆಳ್ಳಿಗೆರೆಗಳನ್ನು ಕೆರೆಯಬೇಕು. ಆಗ ಏಳುವ ಧೂಳು ಮಿಣಮಿಣ ಹೊಳೆಯುತ್ತದೆ, ಅದಕ್ಕೇ ಅದನ್ನು ಮಿಣುಕು ಎನ್ನುತ್ತಿದ್ದೆವು. ಹೆಸರೇನೋ ಚೆಂದ. ಒಬ್ಬೊಬ್ಬಳ ಎದೆಯೊಳಗೂ ಅದು ಒಂದೊಂದು ಪದರ ಕೂರುತ್ತಿತ್ತು. ಬೆಳ್ಳಿ ಕದ್ದೊಯ್ಯುತ್ತೇವೆ ಎಂಬ ಗುಮಾನಿಗೆ ಬೆಳಗ್ಗೆ ಹಾಕಿದ ಬಾಗಿಲಿನ ಬೀಗ ಸಂಜೆಯೇ ತೆಗೆಯುವುದು.

ನನ್ನ ತಂಗಿ ಪಾಪಕ್ಕ ನನ್ನ ಪಕ್ಕದಲ್ಲೇ ಸುಲಿಯುತ್ತಿದ್ದಳು. ನನಗಿಂತ ಆರು ವರ್ಷ ಚಿಕ್ಕವಳು, ನಗಿಸುವುದೇ ಅವಳ ಕಸುಬು. ಕೆಮ್ಮು ಹತ್ತಿದ ಮೇಲೂ ಅದು ಬಿಡಲಿಲ್ಲ. "ನನ್ನೆದೇಲಿ ಯಾರೋ ಬಳೆ ಅಂಗ್ಡಿ ಇಕ್ಕವ್ರೆ ಕಣಕ್ಕ, ಉಸ್ರಾಡಿದ್ರೆ ಝಣಝಣ ಅಂತದೆ" ಅನ್ನುವಳು. ನಾವೆಲ್ಲ ನಗುತ್ತಿದ್ದೆವು. ನಕ್ಕವರಿಗೂ ಕೆಮ್ಮು ಬರುತ್ತಿತ್ತು.

ಆ ವರ್ಷ ಮಂಗಳೂರು ಕಡೆಯಿಂದ ಫಿಲೋಮಿನಾ ಟೀಚರ್ ಎಂಬಾಕೆ ಬಂದು, ನಮ್ಮ ಕೇರಿಯಲ್ಲೇ ಒಂದು ಕೋಣೆ ಹಿಡಿದಳು. ಮಂಡಲದ ಶಾಲೆಗೆ ಬಂದವಳಲ್ಲ, ಸುಮ್ಮನೆ ನಮ್ಮ ನಡುವೆ ಇರಲು ಬಂದವಳು. ಮೊದಲಿಗೆ ನಾನು ಅವಳನ್ನು ನಂಬಲಿಲ್ಲ. ಕೆಲಸವಿಲ್ಲದೆ ಯಾರು ಬಂದು ಈ ಧೂಳು ಕುಡಿಯುತ್ತಾರೆ? ಭಾನುವಾರ ಅವಳ ಕೋಣೆಯಲ್ಲಿ ಕಾಫಿ ಸಿಗುತ್ತಿತ್ತು, ಅದಕ್ಕೆ ಹೋಗುತ್ತಿದ್ದೆವು. ಕಾಫಿಯ ಜೊತೆ ಅಮೆರಿಕದ ಸುದ್ದಿ. ಇನ್ನೂರು ವರ್ಷದ ಹಿಂದೆ ಅಲ್ಲೂ ಇಂಥ ಮಂಡಲಗಳಿದ್ದವಂತೆ. ಎಣ್ಣೆಯದೊಂದು ಕಂಪನಿ ನಾಡಿನ ದೀಪಕ್ಕೆಲ್ಲ ತಾನೇ ಯಜಮಾನನಾಗಿ ಕೂತಿತ್ತಂತೆ, ಕೋರ್ಟಿನವರು ಅದನ್ನು ಚೂರು ಚೂರು ಮಾಡಿದರಂತೆ. ಉಳ್ಳವರ ಮನೆಯ ಹೆಣ್ಣುಮಕ್ಕಳು ಕೂಲಿಗಳ ಬೀದಿಗೆ ಬಂದು ಮನೆ ಹಿಡಿದು, ಅವರ ಜೊತೆ ಬಾಳಿ, ಸರ್ಕಾರದ ಮುಂದೆ ಅವರ ಪರ ಜಗಳ ಕಾಯ್ದರಂತೆ. ಆಗ ತಿಳಿಯಿತು, ಈಕೆ ಯಾರನ್ನು ನೋಡಿ ಇಲ್ಲಿಗೆ ಬಂದಿದ್ದಾಳೆ ಅಂತ. ಇನ್ನೊಂದು ಊರಲ್ಲಿ ರವಿಕೆ ಹೊಲಿಯುವ ಕಾರ್ಖಾನೆಗೆ ಬೆಂಕಿ ಬಿತ್ತಂತೆ. ಕದ್ದೊಯ್ಯುತ್ತಾರೆಂದು ಬಾಗಿಲಿಗೆ ಬೀಗ. ನೂರ ನಲವತ್ತಾರು ಜನ ಸತ್ತರಂತೆ, ಹೆಚ್ಚಿನವರು ಎಳೆ ಹುಡುಗಿಯರು.

ನನಗೆ ರೇಗಿತು. "ಅಮೆರಿಕದೋರ ಸಮಾಚಾರ ಕಟ್ಕೊಂಡು ನಮಗೇನಾಗ್ಬೇಕು ಟೀಚರಮ್ಮ? ಅವ್ರ ಹೆಣಕ್ಕೆ ನಾವ್ ಅಳ್ಬೇಕಾ?" ಎಂದೆ.

"ಅಳುವುದು ಬೇಡ ಮಾರಾಯ್ತಿ. ಅಲ್ಲಿ ಹೆಣ ಎಣಿಸಿದ ಮೇಲೆ ಕಾನೂನು ಬಂತು. ನಾವು ಉಸಿರು ಇರುವಾಗಲೇ ಎಣಿಸುವ" ಎಂದಳು.

ಈ ಸಂಗತಿ ನಿನ್ನ ಕಾಲದವರಿಗೂ ಗೊತ್ತಿತ್ತು ಹನುಮಕ್ಕ. ಟೀಚರ್ ನಿಮ್ಮ ಕಾಲದ ಪಠ್ಯಪುಸ್ತಕವೊಂದರಲ್ಲಿ ಇದೇ ಪಾಠ ತೋರಿಸಿದಳು. ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ 'ನಾಲ್ಕು ಅಂಕ' ಎಂದು ಯಾವಳೋ ಬರೆದುಕೊಂಡಿದ್ದಳು. ನಾಲ್ಕು ಅಂಕ ತೆಗೆದುಕೊಂಡು ಪುಸ್ತಕ ಮುಚ್ಚಿದಿರಿ. ನಿಮ್ಮ ಸುತ್ತ ಒಂದೊಂದೇ ಕಂಪನಿ ಇನ್ನೊಂದನ್ನು ನುಂಗುವಾಗ ಆ ಪಾಠ ನಿಮಗೆ ನೆನಪೇ ಆಗಲಿಲ್ಲವಾ?

ನಾವು ಇನ್ನೂರ ಹತ್ತು ಹೆಂಗಸರು ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟೆವು. ನಮ್ಮಂತೆಯೇ ಬೇರೆ ಊರಿನವರೂ ಕೊಟ್ಟರು. ಮೂರು ವರ್ಷ ಒದ್ದಾಡಿದ ಮೇಲೆ ಕಾನೂನು ಬಂತು. ತನಿಖಾಧಿಕಾರಿ ಬಂದು ಸುಲಿಮನೆ ನೋಡಬೇಕು. ಧೂಳಿದ್ದರೆ, ಕೆಮ್ಮುವವರಿದ್ದರೆ, ಧೂಳು ಹೀರುವ ಯಂತ್ರ ಕೂರಿಸಿ ಬೀಗ ತೆಗೆಯುವವರೆಗೆ ಕೆಲಸ ಬಂದ್. ಮಂಡಲದವರು ಅದರೊಳಗೂ ಎರಡು ಮಾತು ತೂರಿಸಿದ್ದರು. ಬರುವ ದಿನವನ್ನು ಒಂದು ವಾರ ಮೊದಲೇ ತಿಳಿಸಬೇಕು. ಸ್ವಚ್ಛ ಎಂದು ಬರೆಸಿಕೊಂಡ ಸುಲಿಮನೆಗೆ ನಾಲ್ಕು ವರ್ಷ ಯಾರೂ ಮತ್ತೆ ಬರುವಂತಿಲ್ಲ.

ತಾರೀಖು ತಿಳಿಯಿತು. ಈಗ ಕೇಳು ನಾವೇನು ಮಾಡಿದೆವು ಅಂತ.

ಗುಡಿಸಿದೆವು.

ಮೇನೇಜರ್ ಶಂಭುನಾಥ ಗುಡಿಸಿ ಎಂದು ಹೇಳಲೇ ಇಲ್ಲ. ನಾವಾಗಿಯೇ, ಪರಸ್ಥಳದವರೊಬ್ಬರು ಬರುತ್ತಾರೆ ಅಂದ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೂರು ದಿನ ಸುಲಿಮನೆಯ ಜಂತಿ ಜಂತಿ ಬಡಿದು, ನೆಲ ತೊಳೆದು, ಗೋಡೆಗೆ ಸುಣ್ಣ ಬಳಿದೆವು. ಬಾಗಿಲಲ್ಲಿ ರಂಗೋಲಿ ಹಾಕಿದೆವು. ರಂಗೋಲಿ ಪುಡಿ ಸಾಲದೆ ಮಿಣುಕನ್ನೇ ಬೆರೆಸಿದೆವು, ಹೊಳೆಯಲಿ ಅಂತ. ಮುಂದೆ ನಿಂತು ಮಾಡಿಸಿದವಳು ನಾನು. ಕೊಳಕು ತೋರಿಸಲೆಂದೇ ಕರೆಸಿದವರ ಮುಂದೆ ಕೊಳಕು ಕಾಣಿಸಬಾರದೆಂದು ನಡು ಮುರಿದುಕೊಂಡೆ. ಟೀಚರ್ ಓಡಿ ಬಂದು "ಏನು ಮಾಡ್ತಾ ಇದ್ದೀರಿ ಬೋರಕ್ಕ, ತೊಳೀಬೇಡಿ" ಎಂದರೆ, ಅವಳ ಮೇಲೇ ಹರಿಹಾಯ್ದೆ: "ಕಸ ತೋರ್ಸಿ ಮರ್ಯಾದೆ ಕಳ್ಕೊಳಾಕೆ ನಾವೇನು ಗತಿಗೆಟ್ಟೋರಾ?"

ಆ ದಿನ ಪಾಪಕ್ಕ ಮುಂದಿನ ಸಾಲಿನಲ್ಲಿ ಬಂದು ನಿಂತಳು. "ನಾನು ಅವ್ರ ಮುಂದೇನೇ ಕೆಮ್ತೀನಿ ಕಣಕ್ಕ, ಕೇಳಿಸ್ಕೊಳ್ಲಿ" ಎಂದಳು.

"ಬಂದೋರ ಮುಂದೆ ಕೆಮ್ಮಾದಾ? ನಾಚ್ಕೆ ಆಗಲ್ವಾ? ಆ ಕಡೆ ಓಗಿ ನಿಂತ್ಕೊ" ಎಂದು ಈ ಕೈಯಿಂದಲೇ ಅವಳ ಭುಜ ಹಿಡಿದು ಬಾಗಿಲ ಹಿಂದಕ್ಕೆ ತಳ್ಳಿದೆ.

ತನಿಖೆಗೆ ಬಂದಾಕೆ ಒಳ್ಳೆಯವಳೇ. ಸುತ್ತ ನೋಡಿ, "ನಮ್ಮನೆ ದೇವರ ಕೋಣೇನೂ ಇಷ್ಟು ಶುಚಿಯಾಗಿಲ್ಲಮ್ಮ" ಎಂದಳು. ನಾನು ಉಬ್ಬಿಹೋದೆ. ಶಂಭುನಾಥ ನನಗೆ ಕೈ ಮುಗಿದ. ಕಾಗದದ ಮೇಲೆ 'ಸ್ವಚ್ಛ' ಎಂದು ಬಿತ್ತು. ಆಕೆಯ ಕಾರು ತಿರುಗಿದ ಮೇಲೆ ಬಾಗಿಲ ಹಿಂದೆ ನೋಡಿದರೆ, ಪಾಪಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಅಷ್ಟೂ ಹೊತ್ತು ಕೆಮ್ಮು ತಡೆದಿದ್ದಳು, ನನ್ನ ಮರ್ಯಾದೆಗೋಸ್ಕರ. ಸೆರಗು ತೆಗೆದರೆ ಕೆಂಪಗಿತ್ತು.

ಆ ಸಲದ ಎರಡನೆಯ ಬೇಸಿಗೆ ಅವಳು ದಾಟಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಉಳಿದವರು ಕಾದೆವು. ನಾಲ್ಕು ವರ್ಷ ಕಳೆದು ಮತ್ತೆ ತಾರೀಖು ತಿಳಿದ ದಿನವೇ, ತನಿಖೆ ಮುಗಿಯುವವರೆಗೆ ಪೊರಕೆ ಮುಟ್ಟುವುದಿಲ್ಲ ಎಂದು ಪಾಪಕ್ಕನ ಹೆಸರಲ್ಲಿ ಆಣೆ ಹಾಕಿದೆವು. ಆಗಲೇ ನಮಗೆ ಹೊಳೆದದ್ದು, ಗುಡಿಸುವುದು ನಮ್ಮ ಕೆಲಸದ ಪಟ್ಟಿಯಲ್ಲೇ ಇರಲಿಲ್ಲ. ಇಷ್ಟು ವರ್ಷ ಕೆಲಸ ಮುಗಿದ ಮೇಲೆ ನಾವಾಗಿಯೇ ಗುಡಿಸುತ್ತಿದ್ದೆವು, ಹೆಂಗಸರು ನಿಂತ ಜಾಗ ಕೊಳಕಾಗಿರಬಾರದಲ್ಲ. ಊಟ ಬಿಡುವುದು ಸುಲಭ, ಗುಡಿಸುವುದು ಬಿಡುವುದು ಕಷ್ಟ. ಐದನೇ ದಿನ ಪಕ್ಕದ ಸಾಲಿನ ಸಾಕವ್ವ ಸೆರಗಿನಲ್ಲಿ ಮೋಟು ಪೊರಕೆ ಬಚ್ಚಿಟ್ಟು ತಂದು ಸಿಕ್ಕಿಬಿದ್ದಳು. "ಕೈ ತಡೀನಿಲ್ಲ ಕಣಕ್ಕ, ಕಸ ನೋಡಿದ್ರೆ ಮೈ ಪರಚ್ಕೊಳಂಗಾಯ್ತದೆ" ಎಂದು ಅತ್ತೇ ಬಿಟ್ಟಳು. ಬಯ್ಯುವ ಬಾಯಿ ನನ್ನದು, ಆದರೆ ಅವತ್ತು ಬಯ್ಯಲಿಲ್ಲ. ಕೇರಿಯ ಪೊರಕೆಯನ್ನೆಲ್ಲ ಒಟ್ಟು ಮಾಡಿ ಟೀಚರ್ ಕೋಣೆಯಲ್ಲಿಟ್ಟು ಚಿಲಕ ಹಾಕಿದೆವು.

ಮಿಣುಕು ಪಾದ ಮುಚ್ಚುವಷ್ಟು ಏರಿತು. ತನಿಖೆಯ ಬೆಳಗ್ಗೆ ಶಂಭುನಾಥ ಪಟ್ಟಣದಿಂದ ಹೊಸ ಪೊರಕೆ ತರಿಸಿದ. ನಾವು ಕೈ ಕಟ್ಟಿ ನಿಂತೆವು. ಬೇರೆ ದಾರಿ ಕಾಣದೆ ಅವನೂ ಅವನ ಮೇಸ್ತ್ರಿಗಳೂ ತಾವೇ ಪೊರಕೆ ಹಿಡಿದರು. ಹುಟ್ಟಿದಾಗಿನಿಂದ ಪೊರಕೆ ಹಿಡಿದ ಕೈಗಳಲ್ಲ ಅವು! ನೀರು ಚಿಮುಕಿಸಿ ಗುಡಿಸಬೇಕು ಎನ್ನುವುದೂ ಗೊತ್ತಿಲ್ಲ. ಬೀಸಿ ಬೀಸಿ ಹೊಡೆದರು. ಇಡೀ ಸುಲಿಮನೆ ಹೊಳೆಯುವ ಮೋಡವಾಯಿತು. ಆ ಮೋಡದೊಳಗೆ ಹೊಸ ತನಿಖಾಧಿಕಾರಿ ಕಾಲಿಟ್ಟಾಗ ಮೇನೇಜರ್ ನಮಸ್ಕಾರ ಎನ್ನಲು ಬಾಯಿ ತೆರೆದ, ಕೆಮ್ಮು ಬಂತು. ಮೇಸ್ತ್ರಿಗಳು ಕೆಮ್ಮಿದರು. ಬಂದವನೂ ಕೆಮ್ಮಿದ. ನಾನು ಮುಂದೆ ಹೋಗಿ ಹೇಳಿದೆ: "ಬನ್ನಿ ಸ್ವಾಮಿ, ನಮ್ಮನೆ ಇರಾದೇ ಇಂಗೆ."

ಮೂರು ತಿಂಗಳು ಬೀಗ ಬಿತ್ತು, ಈ ಸಲ ಹೊರಗಿನಿಂದ, ಸರ್ಕಾರದ್ದು. ಯಂತ್ರ ಬಂತು. ಬಾಗಿಲುಗಳು ಇವತ್ತಿಗೂ ತೆರೆದೇ ಇವೆ. ಗೆದ್ದೆವು ಎಂದು ಹಿಗ್ಗಬೇಡ. ಮಂಡಲ ಒಡೆಯಲಿಲ್ಲ. ಬಸ್ಸು, ನೀರು ಇನ್ನೂ ಅದರದ್ದೇ. ಅದನ್ನು ಒಡೆಯುವ ಕೆಲಸ ನನ್ನ ಮೊಮ್ಮಕ್ಕಳ ಪಾಲಿಗಿದೆ, ಬಯ್ದು ಬಯ್ದು ತಯಾರು ಮಾಡುತ್ತಿದ್ದೇನೆ.

ಈಗ ಆ ಫೋಟೋದ ವಿಷಯ. ಪಾಪಕ್ಕ ಹೋದ ಮೇಲೆ ಒಂದು ದಿನ ಅದನ್ನು ಕನ್ನಡಕ ಹಾಕಿಕೊಂಡು ನೋಡಿದೆ. ನಿನ್ನ ಬಲಗೈಯಲ್ಲಿ ಕೋಲಿದೆ. ಎಡಗೈ ಎಲ್ಲಿ? ಅದು ಪಕ್ಕಕ್ಕೆ ಚಾಚಿದೆ, ಅಂಗೈ ಹೊರಕ್ಕಿದೆ. ಅಂಚಿನಲ್ಲಿದ್ದ ಯಾರನ್ನೋ ನೀನು ಫೋಟೋದಿಂದ ಆಚೆ ತಳ್ಳುತ್ತಿದ್ದೀಯ. ಅವಳು ಯಾರೋ, ಏನಾಗಿತ್ತೋ ನನಗೆ ತಿಳಿಯದು. ಬಿಸಿಲಿಗೆ ತಲೆ ತಿರುಗಿತ್ತೋ, ಕೈಗೆ ಗಾಯವಾಗಿತ್ತೋ, ಬರಿಯ ಹಳೆ ಸೀರೆಯೋ. ಆದರೆ ಆ ಕೈ ನನಗೆ ಚೆನ್ನಾಗಿ ಗೊತ್ತು. ನನ್ನ ಮೊಣಕೈಗೆ ಅಂಟಿಕೊಂಡಿರುವುದೂ ಅದೇ.

ಕಾಗದ ನಿನಗೆ ತಲುಪುವುದಿಲ್ಲ ಎನ್ನುತ್ತಾರೆ. ಓದುವ ಬೇರೆ ಯಾವಳಾದರೂ ಇದ್ದರೆ ಅವಳೇ ನನ್ನ ಹನುಮಕ್ಕ ಎಂದುಕೊಳ್ಳುತ್ತೇನೆ. ನೋಡಲು ದೊಡ್ಡವರು ಬರುತ್ತಾರೆ ಅಂದ ದಿನ, ಒರಸುಬಟ್ಟೆ ಕೆಳಗಿಡು. ನಗಬೇಡ. ಆ ಎಡಗೈಯನ್ನು ತಿರುಗಿಸಿ ಹಿಡಿ, ಅವಳ ಸೆರಗಿನ ತುದಿ ಹಿಡಿದು ಮುಂದಕ್ಕೆ ಎಳೆ. ನಿನ್ನ ಮುಂದೆ ನಿಲ್ಲಿಸು. ಕೆಮ್ಮುತ್ತಿದ್ದರೆ ಕೆಮ್ಮಲಿ.

ಬೋರಕ್ಕ
ಪಾಪಕ್ಕನ ಅಕ್ಕ