ನಾಣ್ಯದ ಹೆಂಗಸು

ನವೆಂಬರ್ ೧೪, ಶುಕ್ರವಾರ

ಉಲ್ಲಾಸ್ ಊಟ ಬಿಟ್ಟು ಕೋಣೆ ಸೇರಿದ್ದಾನೆ. ನಾಳೆ ಇವರ ವರ್ಷಾಂತಿಕ, ಇವರು ತೀರಿಕೊಂಡು ಒಂದು ವರ್ಷ. ಬೆಳ್ಳಿಯ ದೀಪ, ಹರಿವಾಣ ತಿಕ್ಕಿಟ್ಟ ಮೇಲೆ ಇವರ ರೋಮನ್ ನಾಣ್ಯಕ್ಕೂ ವಿಭೂತಿ ಹಚ್ಚಿ ತಿಕ್ಕಿದೆ.

"ಏನ್ ಮಾಡ್ಬಿಟ್ಟೆ ಅಮ್ಮಾ? ಕ್ಲೀನ್ ಮಾಡ್ಲೇಬಾರ್ದು ಅಂತ ಅಪ್ಪ ಹೇಳಿರ್ಲಿಲ್ವಾ?"

"ಮರ್ತೇ ಹೋಯ್ತು ಮಾರಾಯಾ" ಎಂದೆ.

ನಾಣ್ಯದ ಒಂದು ಬದಿಯಲ್ಲಿ ಚಕ್ರವರ್ತಿಯ ಮುಖ. ಇನ್ನೊಂದು ಬದಿಯಲ್ಲಿ ಅವನು ಗೆದ್ದ ನಾಡು, ತಲೆಯ ಮೇಲೆ ಕೈಹೊತ್ತು ನೆಲದಲ್ಲಿ ಕುಳಿತ ಹೆಂಗಸಿನ ರೂಪದಲ್ಲಿ. ಸುತ್ತ ಎರಡು ಸಾವಿರ ವರ್ಷದ ಕಪ್ಪು ಕೂತಿದ್ದರಿಂದಲೇ ಅವಳು ಕಾಣುತ್ತಿದ್ದಳು. ಈಗ ಚಕ್ರವರ್ತಿಯ ಮೂಗು ಹೊಳೆಯುತ್ತಿದೆ. ಅವಳು ಬರೀ ಒಂದು ಉಬ್ಬು.

ಇವರು ಆಫೀಸಿನಿಂದ ಬಂದವರೇ ಭೂತಗನ್ನಡಿ ಹಿಡಿದು ಅವಳನ್ನು ನೋಡುತ್ತಿದ್ದರು. "ಎಷ್ಟು ದುಃಖ ನೋಡು ವಸಂತಿ, ಆ ಮುಖದಲ್ಲಿ" ಎನ್ನುತ್ತಿದ್ದರು. ಅಮೆರಿಕದ ಈ ಫಾಸ್ಟರ್ ಸಿಟಿಗೆ ಬಂದ ಹೊಸತರಲ್ಲಿ ನನ್ನ ಅಮ್ಮ ತೀರಿಕೊಂಡಾಗ, ವೀಸಾ ತೊಂದರೆ ಎಂದು ನನ್ನನ್ನು ಉಡುಪಿಗೆ ಕಳಿಸಲಿಲ್ಲ. ಅಂದು ನಾನೂ ಅಡುಗೆಮನೆಯ ನೆಲದಲ್ಲಿ ಹಾಗೆಯೇ ಕುಳಿತಿದ್ದೆ. ಇವರು ನನ್ನನ್ನು ದಾಟಿಕೊಂಡು ಹೋಗಿ ಕಾಫಿ ಬೆರೆಸಿಕೊಂಡರು.

ಮರೆತಿರಲಿಲ್ಲ. ತಿಕ್ಕುವಾಗಲೂ ಇವರ ಮಾತು ಕಿವಿಯಲ್ಲೇ ಇತ್ತು. ಅವಳ ಮುಖ ಹೋಗುವವರೆಗೆ ತಿಕ್ಕಿದೆ.